ಲಾಯದಲ್ಲಿ ಕಂಬಳಿಯ ಆರೈಕೆ

ಮೈಸೂರಿನ ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರ ಸಾಲು ಸಾಗುವಾಗ ಜನರ ಕಣ್ಣು ಸವಾರನ ಪೇಟದ ಮೇಲೂ ಕುದುರೆಯ ಮಿರುಗುವ ಮೈಯ ಮೇಲೂ ನಿಲ್ಲುವುದೇ ಹೊರತು, ಜೀನಿನ ಕೆಳಗೆ ಅಡಗಿರುವ ಹಾಸಿನ ಮೇಲೆ ನಿಲ್ಲುವುದಿಲ್ಲ. ಆದರೆ ಸವಾರನ ಭಾರವನ್ನೂ ಜೀನಿನ ಕಾಠಿಣ್ಯವನ್ನೂ ಪ್ರಾಣಿಯ ಬೆನ್ನಿಗೆ ನೇರವಾಗಿ ತಾಗಗೊಡದೆ ನಡುವೆ ನಿಂತು ತಾಳಿಕೊಳ್ಳುವ ವಸ್ತು ಅದೇ ಆದುದರಿಂದ, ಅದು ಗಂಟುಕಟ್ಟಿದರೂ ಸುಕ್ಕಾದರೂ ತೇವವಾಗಿ ಉಳಿದರೂ ಅದರ ಫಲ ಬೆನ್ನಿನ ಹುಣ್ಣಾಗಿ ಕಾಣಿಸಿಕೊಳ್ಳುತ್ತದೆ. ಹೆಗಲ ದಿಬ್ಬದ ಮೇಲೆ ಹುಣ್ಣಾದ ಕುದುರೆಯು, ಅದೆಷ್ಟೇ ಉತ್ತಮ ತಳಿಯದಾಗಿರಲಿ, ವಾರಗಟ್ಟಲೆ ಲಾಯದಲ್ಲಿ ನಿಂತು ಮೇವು ತಿನ್ನುವುದಕ್ಕಷ್ಟೇ ಆದೀತು.

ಲಾಯದಲ್ಲಿ ಬಳಕೆಯಾಗುವ ಹೊದಿಕೆಗಳು ಮುಖ್ಯವಾಗಿ ಎರಡು ಬಗೆಯವು. ಜೀನಿನ ಅಡಿ ಹಾಸುವ ಕಂಬಳಿ ಅಥವಾ ನಮ್ದಾ ಒಂದು. ಚಳಿಗೂ ಮಳೆಗೂ ಮೈಮೇಲೆ ಹೊದಿಸುವ ಜೂಲು ಇನ್ನೊಂದು. ಜೂಲು ಹೊರಗಿನ ನೀರಿನಿಂದ ನೆನೆಯುತ್ತದೆ, ಜೀನಿನ ಕಂಬಳಿ ಒಳಗಿನ ಬೆವರಿನಿಂದ ನೆನೆಯುತ್ತದೆ. ಎರಡನ್ನೂ ಒಂದೇ ಗೂಟಕ್ಕೆ ತಗುಲಿಹಾಕಿ ಒಣಗಿತೆಂದು ಭಾವಿಸುವ ಲಾಯಗಳಲ್ಲಿ ಜೀನಿನ ಕಂಬಳಿಯೇ ಮೊದಲು ಕೆಡುವುದು.

ಅದಕ್ಕೆ ಕಾರಣ ಕುದುರೆಯ ಬೆವರಿನ ಸ್ವಭಾವದಲ್ಲಿದೆ. ನಮ್ಮ ಬೆವರು ರಕ್ತಕ್ಕಿಂತ ಕಡಮೆ ಉಪ್ಪಾಗಿದ್ದರೆ, ಕುದುರೆಯ ಬೆವರು ಅದರ ರಕ್ತದ್ರವಕ್ಕಿಂತಲೂ ಹೆಚ್ಚು ಉಪ್ಪಾಗಿರುತ್ತದೆ. ಇದಲ್ಲದೆ ಲ್ಯಾಥೆರಿನ್ ಎಂಬ ಒಂದು ಪ್ರೋಟೀನು ಅದರಲ್ಲಿ ಬೆರೆತಿದ್ದು, ಸಾಬೂನಿನ ಗುಣವುಳ್ಳ ಆ ದ್ರವ್ಯವು ಎಣ್ಣೆಯಂಶವಿರುವ ಕೂದಲನ್ನು ನೆನೆಸಿ ಬೆವರು ಮೈತುಂಬ ಹರಡುವಂತೆ ಮಾಡುತ್ತದೆ. ಓಡಿ ಬಂದ ಕುದುರೆಯ ಕತ್ತಿನ ಮೇಲೆ, ಲಗಾಮು ಉಜ್ಜುವ ಕಡೆ, ಬಿಳಿಯ ನೊರೆ ಕಾಣುವುದು ಇದರಿಂದಲೇ. ನೀರು ಆವಿಯಾಗಿ ಹೋದಮೇಲೂ ಉಪ್ಪು, ನೊರೆಯ ಶೇಷ, ಉದುರಿದ ಕೂದಲು, ಚರ್ಮದ ಹೊಟ್ಟು ಇವೆಲ್ಲ ಕಂಬಳಿಯ ನೂಲಿನಲ್ಲಿ ಉಳಿಯುತ್ತವೆ. ಉಪ್ಪಿಗಾದರೋ, ಗಾಳಿಯ ಆರ್ದ್ರತೆ ನೂರಕ್ಕೆ ಎಪ್ಪತ್ತೈದನ್ನು ದಾಟಿತೆಂದರೆ ಅದರೊಳಗಿನ ನೀರನ್ನು ತಾನೇ ಸೆಳೆದು ಕರಗುವ ಗುಣವುಂಟು. ನಮ್ಮ ಮಳೆಗಾಲದ ರಾತ್ರಿಗಳು ಈ ಮಿತಿಯನ್ನು ಮೀರುವುದು ಅಪರೂಪವೇನಲ್ಲ. ಆದಕಾರಣ ಸಾಯಂಕಾಲ ಗರಿಗರಿಯಾಗಿ ಒಣಗಿದ್ದ ಕಂಬಳಿ ಬೆಳಗಿನ ಜಾವಕ್ಕೆ ಯಾರೂ ನೀರು ಹಾಕದೆಯೇ ಮತ್ತೆ ತಣ್ಣಗೆ ತೇವವಾಗಿರುವುದುಂಟು. ಮೈಸೂರಿನ ಪಂದ್ಯಗಳ ಮುಖ್ಯ ಋತು ಮಳೆಗಾಲದ ಉತ್ತರಾರ್ಧದಲ್ಲೇ ಬರುತ್ತದೆಂಬುದನ್ನು ನೆನೆದರೆ ಇದು ಸಣ್ಣ ತೊಡಕಲ್ಲವೆಂದು ತಿಳಿಯುತ್ತದೆ. ಒಣಗಿಸುವುದೆಂದರೆ ನೀರನ್ನು ಕಳೆಯುವುದಷ್ಟೇ ಅಲ್ಲ, ಉಪ್ಪನ್ನೂ ಕಳೆಯುವುದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಬಲ್ಲ ಸೈಸನ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಸವಾರಿ ಮುಗಿದು ಬಂದೊಡನೆ ಅವನು ಜೀನನ್ನು ಎಳೆದು ಕೆಳಗಿಳಿಸುವುದಿಲ್ಲ; ಹೊಟ್ಟೆಪಟ್ಟಿಯನ್ನು ಸಡಿಲಿಸಿ ಬೆನ್ನು ಆರುವವರೆಗೆ ಹಾಗೆಯೇ ಬಿಡುತ್ತಾನೆ. ಬಿಸಿಯಾದ ಬೆನ್ನನ್ನು ಥಟ್ಟನೆ ಬಿಸಿಲಿಗೊಡ್ಡಿದರೆ ಬಾವು ಬರುವುದೆಂಬುದು ಅಶ್ವಸೈನ್ಯಗಳ ಹಳೆಯ ಕಟ್ಟಳೆ. ಅನಂತರ ಕಂಬಳಿಯನ್ನು ತೆಗೆದು, ಬೆನ್ನಿಗೆ ತಾಗಿದ್ದ ಮುಖವನ್ನು ಮೇಲಕ್ಕೆ ತಿರುವಿ ಗಾಳಿಗೆ ಹರವುತ್ತಾನೆ. ಅಂಚಿನಲ್ಲಿ ಅಲೆಯಲೆಯಾಗಿ ಬಿಳಿಯ ಗೆರೆ ಮೂಡಿ ಉಪ್ಪು ಪುಡಿಯಾಗುವಷ್ಟು ಒಣಗಿದಮೇಲೆ ಬೆತ್ತದಿಂದ ಬಡಿದು, ಗಡುಸಾದ ಬ್ರಷ್ಷಿನಿಂದ ಕೂದಲು ಮಲಗಿದ ದಿಕ್ಕಿಗೆ ಎದುರಾಗಿ ಉಜ್ಜುತ್ತಾನೆ. ಒದ್ದೆಯಿರುವಾಗಲೇ ಉಜ್ಜಿದರೆ ಕೊಳೆ ಒಳಕ್ಕೆ ಇಳಿಯುತ್ತದಲ್ಲದೆ ಉಣ್ಣೆ ಗಂಟುಕಟ್ಟುತ್ತದೆ. ಕೊನೆಗೆ ಅಂಗೈಯನ್ನು ನಂಬದೆ ಕಂಬಳಿಯನ್ನು ಎತ್ತಿ ತೂಗಿ ನೋಡುತ್ತಾನೆ. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಒಡಲಲ್ಲಿ ಇಟ್ಟುಕೊಂಡೂ ಮುಟ್ಟಿದರೆ ಒಣಗಿದಂತೆ ತೋರುವ ವಸ್ತುವಾದ್ದರಿಂದ ಭಾರವೇ ಇಲ್ಲಿ ಸರಿಯಾದ ಸಾಕ್ಷಿ.

ಅಮೆರಿಕದ ಅಶ್ವಸೈನ್ಯದವರು ದೊಡ್ಡ ಕಂಬಳಿಯೊಂದನ್ನೇ ಆರು ಪದರವಾಗಿ ಮಡಿಸಿ ಜೀನಿನ ಅಡಿ ಹಾಸುತ್ತಿದ್ದರು. ಮರುದಿನ ಮಡಿಕೆಯನ್ನು ಬದಲಿಸಿದರೆ ಒಣಗಿದ ಬೇರೊಂದು ಮುಖ ಬೆನ್ನಿಗೆ ಸಿಕ್ಕುತ್ತದೆ. ಜೀನಿನ ಆಕಾರಕ್ಕೇ ಕತ್ತರಿಸಿದ ನಮ್ದಾದಲ್ಲಿ ಈ ಸೌಕರ್ಯವಿಲ್ಲ. ಅದಕ್ಕಿರುವುದು ಒಂದೇ ಮುಖ.

ತೂಗುಹಾಕುವ ಬಗೆಯಲ್ಲಿಯೂ ವಿವೇಕ ಬೇಕು. ತೆಳ್ಳನೆಯ ಹಗ್ಗದ ಮೇಲೆ ನೇತಾಡಿದ ಕಂಬಳಿಯ ನಡುವೆ ಒಂದು ಮಡಿಕೆ ನಿಂತುಬಿಡುತ್ತದೆ, ಮರುದಿನ ಆ ಮಡಿಕೆ ಬೆನ್ನೆಲುಬಿನ ಮೇಲೆ ಬಂದು ಕೂರುತ್ತದೆ. ಎರಡು ದಪ್ಪ ಬಿದಿರುಗಳನ್ನು ಗೇಣುದ್ದ ಅಂತರದಲ್ಲಿ ಅಡ್ಡಲಾಗಿ ಕಟ್ಟಿ, ಅವುಗಳ ಮೇಲೆ ಕಂಬಳಿಯನ್ನು ಹಾಕಿದರೆ, ಎರಡು ಬದಿಗಳ ನಡುವೆಯೂ ಗಾಳಿ ಸುಳಿದಾಡುತ್ತದೆ. ಕುದುರೆ ನಿಲ್ಲುವ ಅಂಕಣದ ಬಾಗಿಲ ಮೇಲೆ ಹಾಕುವ ರೂಢಿ ಎಲ್ಲೆಲ್ಲೂ ಉಂಟಾದರೂ ಅದು ಸೋಮಾರಿತನದ ರೂಢಿಯೇ ಸರಿ: ಮೂತ್ರದಿಂದ ಹುಟ್ಟುವ ಅಮೋನಿಯವು ನೀರಿನಲ್ಲಿ ಸುಲಭವಾಗಿ ಕರಗುವ ಅನಿಲವಾದ್ದರಿಂದ, ತೇವದ ಉಣ್ಣೆ ಅದನ್ನು ಹೀರಿಕೊಂಡು ಘಾಟು ಹಿಡಿಯುತ್ತದೆ. ಇಂಗ್ಲೆಂಡಿನ ಸ್ಥಿತಿವಂತರ ಹಳೆಯ ಲಾಯಗಳಲ್ಲಿ ಜೀನುಗಳಿಗೆಂದೇ ಒಲೆಯಿರುವ ಪ್ರತ್ಯೇಕ ಕೊಠಡಿಯನ್ನು ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

ಬಿಸಿಲಿನ ವಿಷಯದಲ್ಲಿ ನಮ್ಮವರಿಗೆ ಅತಿಯಾದ ವಿಶ್ವಾಸ. ಎಳೆಬಿಸಿಲು ಬೂಷ್ಟನ್ನು ಕುಗ್ಗಿಸುವುದು ನಿಜ. ಆದರೆ ದಿನವಿಡೀ ಉರಿಬಿಸಿಲಿನಲ್ಲಿ ಬಿದ್ದ ಉಣ್ಣೆ ಹಳದಿಗಟ್ಟಿ ಬಿರುಸಾಗುತ್ತದೆ. ಬೆಂಕಿಯ ಪಕ್ಕದಲ್ಲಿಟ್ಟರೆ ಇನ್ನೂ ಬೇಗ ಕೆಡುತ್ತದೆ. ನೆರಳಿನಲ್ಲಿ ಬೀಸುವ ಗಾಳಿ ಇವೆರಡಕ್ಕಿಂತ ಮೇಲು. ಗಾಳಿಯಾಡದ ಮಳೆಗಾಲದಲ್ಲಿ ವಿದ್ಯುತ್ ಪಂಖವೊಂದು ಆ ಕೆಲಸವನ್ನು ನಿರ್ವಹಿಸೀತು.

ಒಗೆಯುವುದಕ್ಕೆ ಅಂಟುವಾಳದ ನೊರೆಯೂ ತಣ್ಣೀರೂ ಸಾಕು. ಬಿಸಿನೀರಿನಲ್ಲಿ ಕುಕ್ಕಿದ ಕಂಬಳಿ ಕುಗ್ಗಿ ದಡೂತಿಯಾಗುತ್ತದೆ; ಸಾಬೂನು ಉಳಿದರೆ ಬೆವರಿನೊಡನೆ ಸೇರಿ ಚರ್ಮವನ್ನು ಕೆರಳಿಸುತ್ತದೆ. ಹಿಂಡದೆ, ಒತ್ತಿ ನೀರು ತೆಗೆಯಬೇಕು. ನಮ್ಮ ಕುರುಬರು ನೇಯುವ ಕರಿಕಂಬಳಿಯನ್ನು ಈ ಕೆಲಸಕ್ಕೆ ತೊಡಗಿಸುವವರು, ಅದಕ್ಕೆ ಹಾಕಿರುವ ಹುಣಸೆಬೀಜದ ಸರಿಯನ್ನು ಮೊದಲು ಚೆನ್ನಾಗಿ ತೊಳೆದು ತೆಗೆಯುವುದು ಲೇಸು. ತೇವ ತಾಗಿದ ಸರಿ ಬೂಷ್ಟಿಗೆ ಒಳ್ಳೆಯ ಆಹಾರ. ನೀರು ತಡೆಯುವ ಲೇಪವುಳ್ಳ ಇಂದಿನ ನೈಲಾನ್ ಜೂಲುಗಳ ಮಾತು ಬೇರೆ: ಅವನ್ನು ಸಾಬೂನುಪುಡಿಯಲ್ಲಿ ನೆನೆಹಾಕಿದರೆ ಲೇಪವೇ ಹೋಗಿ ಮಳೆನೀರು ಒಳಗಿಳಿಯುತ್ತದೆ.

ಚಳಿ ಕಳೆದು ಜೂಲುಗಳನ್ನು ಎತ್ತಿಡುವಾಗ ನುಸಿಗುಳಿಗೆಗಿಂತ ಮೊದಲು ಶುಚಿತ್ವದ ಕಡೆ ಗಮನವಿರಬೇಕು. ನುಸಿಯ ಮರಿಹುಳು ಉಣ್ಣೆಯನ್ನು ತಿನ್ನುವುದಾದರೂ ಬೆವರು ಹತ್ತಿದ ಉಣ್ಣೆಯನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತದೆ. ಇಲಿಯ ಭಯಕ್ಕೆ ತಗಡಿನ ಪೆಟ್ಟಿಗೆ ಒಳ್ಳೆಯದು, ತೇವ ಉಳಿದಿದ್ದರೆ ಅದಕ್ಕಿಂತ ಕೆಟ್ಟದ್ದಿಲ್ಲ. ಒಂದೊಂದು ಹೊದಿಕೆಯ ಮೇಲೂ ಆಯಾ ಕುದುರೆಯ ಹೆಸರನ್ನು ಹೊಲಿದಿಡುವುದು ಆಡಂಬರವೆಂದು ಕಂಡೀತು. ಆದರೆ ಕುದುರೆಗೆ ಹತ್ತುವ ಹುಳುಕಡ್ಡಿಯ ಬೀಜಕಣಗಳು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುವುವಾದ್ದರಿಂದ, ರೋಗ ತಗುಲಿದ್ದ ಕುದುರೆಯ ಕಂಬಳಿಯನ್ನು ಮರುವರ್ಷ ಇನ್ನೊಂದರ ಬೆನ್ನಿಗೆ ಹಾಕಿದವನು ಆ ರೋಗವನ್ನೂ ಜೊತೆಯಲ್ಲೇ ಹಾಕಿದಂತಾಗುತ್ತದೆ.