ಬೀದಿ ಹೊಡೆದಾಟ: ರಾಜಿಯಾದರೂ ಮುಗಿಯದ ಪ್ರಕರಣ

ಹೊನ್ನಾವರ ತಾಲ್ಲೂಕಿನ ಇಡಗುಂಜಿಯಲ್ಲಿ ಸಂಕಷ್ಟಿಯ ದಿನ ಮಹಾಗಣಪತಿಯ ದರ್ಶನಕ್ಕೆ ಭಕ್ತರ ದಟ್ಟಣೆ. ವಾಹನ ನಿಲ್ಲಿಸುವ ಜಾಗಕ್ಕಾಗಿ ಅಲ್ಲಿ ಇಬ್ಬರು ಹೊಡೆದಾಡಿಕೊಂಡು, ಜನ ಬೆದರಿ ಚದುರಿದರು ಎಂದಿಟ್ಟುಕೊಳ್ಳಿ. ಯಾರ ದೂರಿಗೂ ಕಾಯದೆ ಪೊಲೀಸರು ಇಬ್ಬರ ಮೇಲೂ ಪ್ರಕರಣ ದಾಖಲಿಸಬಹುದು.

ಸಾರ್ವಜನಿಕ ಸ್ಥಳದಲ್ಲಿ ಇಬ್ಬರು ಅಥವಾ ಹೆಚ್ಚು ಮಂದಿ ಹೊಡೆದಾಡಿ ಶಾಂತಿ ಕದಡುವುದು ಭಾರತೀಯ ನ್ಯಾಯ ಸಂಹಿತೆಯ 194ನೇ ಕಲಂ ಪ್ರಕಾರ ಅಪರಾಧ. ಬರೀ ಬಾಯಿಜಗಳ ಸಾಲದು. ತಿರುಗಿ ಹೊಡೆಯದೆ ಏಟು ತಿಂದವನು ಆರೋಪಿಯಾಗಲಾರ. ಮನೆಯೊಳಗಿನ ಹೊಡೆದಾಟಕ್ಕೆ ಈ ಕಲಂ ಅನ್ವಯಿಸದು. ಐವರು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟ ಬಲಪ್ರಯೋಗಕ್ಕೆ ಇಳಿದರೆ ಅದು ದೊಂಬಿ.

ಶಿಕ್ಷೆ ಗರಿಷ್ಠ ಒಂದು ತಿಂಗಳ ಸೆರೆವಾಸ, ಇಲ್ಲವೇ 1000 ರೂ.ವರೆಗೆ ದಂಡ, ಅಥವಾ ಎರಡೂ. 1860ರ ದಂಡ ಸಂಹಿತೆಯಲ್ಲಿದ್ದ 100 ರೂ. ದಂಡ 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಯಾಗುವವರೆಗೂ ಹಾಗೆಯೇ ಇತ್ತು!

ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧವಿದು. ಆದರೆ ಹೊಡೆದಾಡಿದವರು ರಾಜಿಯಾದರೂ ಪ್ರಕರಣ ಮುಗಿಯದು. ಕದಡಿದ್ದು ಸಾರ್ವಜನಿಕ ಶಾಂತಿ. ನ್ಯಾಯಾಲಯಕ್ಕೆ ಅಲೆಯುವುದು ತಪ್ಪಲೆಂದು ತಪ್ಪೊಪ್ಪಿಕೊಂಡು ದಂಡ ಕಟ್ಟುವವರುಂಟು. ದಂಡ ಸಣ್ಣದೇ, ಆದರೆ ಅಪರಾಧ ಸಾಬೀತಾಯಿತೆಂದು ದಾಖಲೆಯಲ್ಲಿ ಉಳಿಯುತ್ತದೆ. ಮುಂದೆ ಸರ್ಕಾರಿ ನೌಕರಿಗೆ ಪೊಲೀಸ್ ಪರಿಶೀಲನೆ ನಡೆದಾಗ ಅದು ಎದುರಾಗುತ್ತದೆ.