ಊರಿನ ನಕ್ಷೆಯಲ್ಲಿ ನಿಮ್ಮ ಬೀದಿ ಎಲ್ಲಿದೆ?

ಹೊಸ ಮನೆ ಕಟ್ಟಿಸಿದ ಯಾವ ಗೃಹಿಣಿಯನ್ನಾದರೂ ಕೇಳಿ ನೋಡಿ. ಗೋಡೆ ಏಳುವ ಮೊದಲೇ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು, "ಒಲೆಕಟ್ಟೆ ನನ್ನ ಸೊಂಟದ ಮಟ್ಟಕ್ಕಿರ್ಲಿ, ಕಿಟಕಿ ಪೂರ್ವಕ್ಕಿರ್ಲಿ, ಪಾತ್ರೆ ತೊಳೆದ ನೀರು ಹಿತ್ತಲಿಗೆ ಹೋಗ್ಲಿ" ಎಂದು ಹೇಳಿಯೇ ಇರುತ್ತಾಳೆ. ಹೇಳದಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತು. ಗಾರೆ ಒಣಗಿದ ಮೇಲೆ ಗೋಡೆ ಒಡೆಸಬೇಕು. ಇಲ್ಲವೇ ಜನ್ಮವಿಡೀ ಬೆನ್ನು ಬಗ್ಗಿಸಿಕೊಂಡು ದೋಸೆ ಹುಯ್ಯಬೇಕು.

ಊರಿಗೂ ಇಂಥದೇ ಒಂದು ನಕ್ಷೆ ಇದೆ, ಸೋದರಿಯರೇ. ಆದರೆ ಅದನ್ನು ಬರೆಯುವಾಗ ನಾವು ಅಲ್ಲಿರುವುದಿಲ್ಲ.

ಒಮ್ಮೆ ಸಂಕ್ರಾಂತಿಗೆ ಎಳ್ಳು ಬೀರಲು ನಾಲ್ಕು ಮನೆ ಆಚೆಗಿರುವ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ಅವರು ಎಳ್ಳು ಬೆಲ್ಲ ತೆಗೆದುಕೊಂಡು, ಕಿಟಕಿಯಿಂದ ಎದುರಿನ ಖಾಲಿ ಜಾಗ ತೋರಿಸಿದರು. ಅಲ್ಲಿ ಲಾರಿಯಿಂದ ಜಲ್ಲಿ ಇಳಿಸುತ್ತಿದ್ದರು.

"ಸೈಟು ಮಾರೋವಾಗ ಇದು ಮಕ್ಕಳು ಆಡೋ ಜಾಗ ಅಂದಿದ್ರು ಕಣಮ್ಮ. ಈಗ ನೋಡು, ಅಂಗಡಿ ಸಾಲು ಕಟ್ತಾರಂತೆ."

"ಬಡಾವಣೆ ನಕ್ಷೆಯಲ್ಲಿ ಏನಿದೆ ಅಂತ ನೋಡಿದ್ರಾ ಅಮ್ಮ?"

"ನಕ್ಷೆ ನೋಡೋಕೆ ನಾವೇನು ಇಂಜಿನಿಯರಾ?"

ಆ ಮಾತಿಗೆ ಆಗ ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ನನ್ನ ಮಗ ಕ್ರಿಕೆಟ್ ಆಡುತ್ತಿದ್ದುದೂ ಅದೇ ಜಾಗದಲ್ಲಿ. ನಾನೂ ಒಂದು ದಿನ ನಕ್ಷೆ ನೋಡಿರಲಿಲ್ಲ.

ನಕ್ಷೆಯಲ್ಲಿದ್ದುದು ಉಳಿಯಿತು

ನಕ್ಷೆಯಲ್ಲಿರುವ ಒಂದು ಹಸಿರು ಚೌಕಕ್ಕೆ ಎಷ್ಟು ಬಲವಿದೆ ಎನ್ನುವುದಕ್ಕೆ ಬೆಂಗಳೂರಿನ ಸದಾಶಿವನಗರದ ಕಡೆ ನೋಡಿ. ಅಲ್ಲಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಡಲಾಗಿತ್ತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಮೊದಲು ಸೋತರು, ಮೇಲ್ಮನವಿಯಲ್ಲಿ ಗೆದ್ದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟೂ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಪಾರ್ಕಿಗೆಂದು ಯೋಜನೆಯಲ್ಲಿ ಮೀಸಲಿಟ್ಟ ಜಾಗವನ್ನು ಹೀಗೆ ಖಾಸಗಿಯವರಿಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸಲು ಆ ಬಡಾವಣೆಯ ಜನರಿಗೆ ಹಕ್ಕಿದೆ ಎಂಬುದು ಅದರ ಸಾರಾಂಶ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. ಆ ಪಾರ್ಕು ನಕ್ಷೆಯಲ್ಲಿತ್ತು, ಆದ್ದರಿಂದ ಹೋರಾಡಲು ಆಧಾರ ಸಿಕ್ಕಿತು. ಬರೀ ಬಾಯಿಮಾತಿನ ಪಾರ್ಕಾಗಿದ್ದರೆ ಏನು ತೋರಿಸುತ್ತಿದ್ದರು?

ಮಾಸ್ಟರ್ ಪ್ಲಾನ್ ಎಂದರೆ

ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಇದೆ. ಅದರ ಪ್ರಕಾರ ಯೋಜನಾ ಪ್ರಾಧಿಕಾರ ಊರಿಗೆ ಒಂದು ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ತಯಾರಿಸಬೇಕು. ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಯಾವ ರಸ್ತೆ ಎಷ್ಟು ಅಗಲ, ಪಾರ್ಕು, ಆಟದ ಬಯಲು, ಶಾಲೆ ಎಲ್ಲಿ ಎಂದೆಲ್ಲ ಅದರಲ್ಲಿ ಬಣ್ಣ ಹಚ್ಚಿ ತೋರಿಸುತ್ತಾರೆ. ಹತ್ತು ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಷ್ಕರಿಸಬೇಕು.

ನಮಗೆ ಬೇಕಾದ ಮುಖ್ಯ ಮಾತು ಇನ್ನು ಮುಂದಿದೆ. ಕರಡು ತಯಾರಾದ ಮೇಲೆ ಪ್ರಾಧಿಕಾರ ಪ್ರಕಟಣೆ ಹೊರಡಿಸಿ, ಅದನ್ನು ಜನರು ನೋಡಲು ಇಡಬೇಕು. ಆ ಪ್ರಕಟಣೆಯಿಂದ 60 ದಿನದೊಳಗೆ ಯಾರು ಬೇಕಾದರೂ ಲಿಖಿತವಾಗಿ ಸಲಹೆ, ಆಕ್ಷೇಪಣೆ ಕೊಡಬಹುದು. ಅದನ್ನು ಪ್ರಾಧಿಕಾರ ಪರಿಶೀಲಿಸಲೇಬೇಕು. ಆಮೇಲೆ ಸರ್ಕಾರದ ಒಪ್ಪಿಗೆ. ಒಪ್ಪಿಗೆಯಾಯಿತೋ, ಗಾರೆ ಒಣಗಿತು ಎಂದೇ ತಿಳಿಯಿರಿ!

ಅರವತ್ತು ದಿನ ಅಂದರೆ ಎಷ್ಟು? ಉಪ್ಪಿನಕಾಯಿ ಹಾಕಿ, ಅದು ಕಳಿತು, ಭರಣಿಯ ಮುಚ್ಚಳ ತೆಗೆಯುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಆದರೂ ಅದರ ಉಪಯೋಗ ಪಡೆದವರಿದ್ದಾರೆ. ಬೆಂಗಳೂರಿನ 2031ರ ಮಹಾಯೋಜನೆಯ ಕರಡು 2017ರ ಕೊನೆಯಲ್ಲಿ ಹೊರಬಂದಾಗ ಸಾವಿರಾರು ಮಂದಿ ಆಕ್ಷೇಪಣೆ ಬರೆದುಕೊಟ್ಟರು. ಆ ಕರಡು ಅಂತಿಮವಾಗಲೇ ಇಲ್ಲ.

ಹಳ್ಳಿಗಿದೆ, ನಮಗಿಲ್ಲ

ಗ್ರಾಮ ಪಂಚಾಯಿತಿಯ ನಮ್ಮ ಅಕ್ಕತಂಗಿಯರಿಗೆ ಗ್ರಾಮಸಭೆ ಇದೆ. 1993ರ ಪಂಚಾಯತ್ ರಾಜ್ ಕಾಯಿದೆ ಅದನ್ನು ಕೊಟ್ಟಿದೆ. ಅಲ್ಲಿ ಎದ್ದು ನಿಂತು "ನಮ್ಮ ಕೇರಿಗೆ ನಲ್ಲಿ ಯಾಕಿಲ್ಲ?" ಎಂದು ಕೇಳಬಹುದು. ಪಕ್ಕದ ಕೇರಳದಲ್ಲಿ 1996ರಿಂದ ಜನಕೀಯ ಯೋಜನೆ ಎಂದು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಊರಿನವರೇ ಸಭೆ ಸೇರಿ ತಮಗೆ ಏನು ಬೇಕೆಂದು ಪಟ್ಟಿ ಮಾಡಿದರು.

ಪಟ್ಟಣದವರಿಗೆ? ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಈ ನಾಲ್ಕೂ ಊರು 2011ರ ಜನಗಣತಿಯಲ್ಲಿ ಲಕ್ಷದ ಒಳಗೇ ಇದ್ದವು. ಹಳ್ಳಿಯೂ ಅಲ್ಲ, ಮಹಾನಗರವೂ ಅಲ್ಲ. ಎರಡರ ನಡುವೆ ನಾವು ಬಾಯಿಲ್ಲದವರಾಗಿದ್ದೇವೆ. ಆದ್ದರಿಂದಲೇ ಆ 60 ದಿನ ನಮಗೆ ಇಷ್ಟು ಮುಖ್ಯ.

ಇಂಗ್ಲೆಂಡಿನಲ್ಲಿ 2011ರಲ್ಲಿ ಬಂದ ಕಾನೂನೊಂದು ನೆರೆಹೊರೆಯವರೇ ತಮ್ಮ ಪ್ರದೇಶದ ಯೋಜನೆ ಬರೆಯಲು ಅವಕಾಶ ಕೊಟ್ಟಿದೆ. ಪ್ಯಾರಿಷ್ ಮಂಡಳಿ ಇಲ್ಲದ ಕಡೆ 21 ಜನ ಸೇರಿದರೆ ಒಂದು ವೇದಿಕೆ ಮಾಡಿಕೊಳ್ಳಬಹುದು. ಯೋಜನೆಯನ್ನು ಹೊರಗಿನ ಪರೀಕ್ಷಕರೊಬ್ಬರು ನೋಡುತ್ತಾರೆ, ಆಮೇಲೆ ಊರಿನವರು ಮತ ಹಾಕುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ ಒಪ್ಪಿದರೆ ಅದಕ್ಕೆ ಕಾನೂನಿನ ಬಲ. ಇಂಥ ಮೊದಲ ಮತದಾನ ನಡೆದದ್ದು 2013ರಲ್ಲಿ, ಅಪ್ಪರ್ ಈಡನ್ ಎಂಬ ಹಳ್ಳಿಗಾಡಿನಲ್ಲಿ. ನಮ್ಮಲ್ಲಿ ಅಂಥ ಕಾನೂನು ಇಲ್ಲ, ನಿಜ. ಆದರೆ ಇಪ್ಪತ್ತೊಂದು ಜನ ಒಂದೆಡೆ ಸೇರುವುದು ನಮಗೆ ಕಷ್ಟವೇ? ಒಂದು ಅರಿಶಿನ ಕುಂಕುಮಕ್ಕೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ!

ನಮ್ಮ ನಾಲ್ಕು ಊರುಗಳು

ನಮಗೇನು ಗೊತ್ತು ಎನ್ನಬೇಡಿ. ನಮಗೆ ಗೊತ್ತಿರುವುದು ಕಚೇರಿಯವರಿಗೆ ಗೊತ್ತಿರುವುದಿಲ್ಲ.

ಚಿಕ್ಕಬಳ್ಳಾಪುರ 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. ಬೆಂಗಳೂರು ಸುಮಾರು 60 ಕಿಲೋಮೀಟರು. ದ್ರಾಕ್ಷಿ ತೋಟ, ಹೂವಿನ ಹೊಲಗಳ ನಡುವೆ ಬಡಾವಣೆಗಳು ಏಳುತ್ತಿವೆ. ಅಲ್ಲಿ ಸೈಟು ಕೊಂಡವರು ಪಾರ್ಕು, ಶಾಲೆಗೆ ಬಿಟ್ಟ ಜಾಗ ನಕ್ಷೆಯಲ್ಲಿ ಎಲ್ಲಿದೆ ಎಂದು ಮೊದಲು ನೋಡಬೇಕು.

ಶಿಡ್ಲಘಟ್ಟ ರೇಷ್ಮೆಯ ಊರು. ಮನೆಗಳ ಮಧ್ಯೆಯೇ ನೂಲು ಬಿಚ್ಚಾಣಿಕೆ. ಗೂಡು ಬೇಯಿಸಿದ ನೀರು ಯಾವ ಮೋರಿಗೆ ಹೋಗುತ್ತದೆ, ಆ ವಾಸನೆ ಯಾವ ಹೊತ್ತಿಗೆ ಯಾವ ಮನೆಗೆ ಬರುತ್ತದೆ ಎಂದು ಅಲ್ಲಿನ ಹೆಂಗಸರಿಗಿಂತ ಚೆನ್ನಾಗಿ ಯಾರು ಹೇಳಬಲ್ಲರು? ಅದೇ ಕೆಲಸದಿಂದ ಅನ್ನ ತಿನ್ನುವವರೂ ಅವರೇ. ಕೆಲಸವೂ ಉಳಿಯಬೇಕು, ಮೋರಿಯೂ ಸರಿಯಾಗಬೇಕು ಎಂದು ಎರಡನ್ನೂ ತೂಗಿ ಬರೆಯಬಲ್ಲವರು ಅವರೇ.

ಚಿಂತಾಮಣಿ ವ್ಯಾಪಾರದ ಊರು. ಟೊಮೇಟೊ ಹೊತ್ತ ಗಾಡಿ, ಲಾರಿ, ಬಸ್ಸುಗಳ ನಡುವೆ ಶಾಲೆ ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆ, ಸಂತೆಗೆ ಬಂದ ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂಬುದು ನಕ್ಷೆಯಲ್ಲಿ ಬರಬೇಕಾದ ಮಾತು. ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿಯ ಹಾದಿ, ರೈಲು ಹಳಿ, ಕಾರ್ಖಾನೆಗಳು. ಹೊಳೆಯ ದಂಡೆಯಲ್ಲಿ ಏನು ಕಟ್ಟಬಾರದು ಎಂದೂ ಅಲ್ಲಿನವರು ಹೇಳಬೇಕು.

ಇನ್ನು ಕೆರೆಗಳು. ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಗೆ ಇಲ್ಲ, ಕೆರೆಯೇ ತಾಯಿ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಒಣಗಿದ ಕೆರೆಯ ಅಂಗಳ, ಹೂತುಹೋದ ರಾಜಕಾಲುವೆ ನಕ್ಷೆಯಲ್ಲಿ ಸರಿಯಾಗಿ ಇಲ್ಲದಿದ್ದರೆ, ನೀರು ಬಂದಾಗ ಅದು ಹೋಗುವುದು ಯಾರ ಅಡುಗೆಮನೆಗೆ? ಕಾಲುವೆ ಹಿಂದೆ ಎಲ್ಲಿ ಹರಿಯುತ್ತಿತ್ತು ಎಂದು ನಿಮ್ಮ ಅತ್ತೆಯವರನ್ನು ಕೇಳಿ.

ಹೀಗೆ ಮಾಡಿ

1. ನಗರಸಭೆಗೆ ಹೋಗಿ, ನಮ್ಮ ಊರಿನ ಮಹಾಯೋಜನೆ ಯಾವ ವರ್ಷದ್ದು, ಹೊಸ ಕರಡು ಯಾವಾಗ, ಅದು ಯಾವ ಕಚೇರಿಯಲ್ಲಿದೆ ಎಂದು ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ, 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಕೊಡಿ. 30 ದಿನದಲ್ಲಿ ಉತ್ತರ ಕೊಡಬೇಕು.

2. ಪ್ರಕಟಣೆಗೆ ಕಾಯದೆ ಇಂದೇ ನಿಮ್ಮ ಬೀದಿಯ ನಕ್ಷೆ ಬರೆಯಿರಿ. ಮಕ್ಕಳ ಡ್ರಾಯಿಂಗ್ ಹಾಳೆ ಸಾಕು. ರಂಗೋಲಿಗೆ ಚುಕ್ಕಿ ಇಟ್ಟು ಅಭ್ಯಾಸವಾದ ಕೈ, ನಾಲ್ಕು ಗೆರೆ ಎಳೆಯದೇ? ನಲ್ಲಿ, ಮೋರಿ, ಶಾಲೆ, ಅಂಗನವಾಡಿ, ರಾತ್ರಿ ದೀಪವಿಲ್ಲದ ತಿರುವು, ಮಳೆಗೆ ನೀರು ನಿಲ್ಲುವ ಜಾಗ, ಖಾಲಿ ಜಾಗ ಎಲ್ಲ ಗುರುತಿಸಿ.

3. ಕರಡು ಬಂದಾಗ ನಿಮ್ಮ ನಕ್ಷೆಯನ್ನು ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಕಂಡದ್ದನ್ನು ಒಂದೊಂದಾಗಿ, ಜಾಗದ ಗುರುತು ಮತ್ತು ಕಾರಣದೊಂದಿಗೆ ಬರೆಯಿರಿ. "ಊರು ಚೆನ್ನಾಗಿರಲಿ" ಎಂದರೆ ಪ್ರಯೋಜನವಿಲ್ಲ. "ಇಂಥ ಬೀದಿಯ ಕೊನೆಯ ಜಾಗವನ್ನು ಆಟದ ಬಯಲೆಂದು ತೋರಿಸಿ" ಎನ್ನಬೇಕು.

4. ಎಲ್ಲರ ಸಹಿ ಹಾಕಿಸಿ. ಓದು ಬರಹ ಬಾರದವರ ಹೆಬ್ಬೆಟ್ಟೂ ಇರಲಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ. ವಾರ್ಡಿನ ಸದಸ್ಯರಿಗೂ ಒಂದು ಪ್ರತಿ ಕೊಡಿ.

5. ಪತ್ರಿಕೆ ರದ್ದಿಗೆ ಹಾಕುವ ಮೊದಲು ಪ್ರಕಟಣೆಗಳ ಮೇಲೆ ಕಣ್ಣಾಡಿಸಿ. ಮಹಾಯೋಜನೆ ಅಂತಿಮವಾದ ಮೇಲೂ ಒಂದು ಜಾಗದ ಬಳಕೆ ಬದಲಿಸಬೇಕಾದರೆ ಪತ್ರಿಕೆಯಲ್ಲಿ ತಿಳಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು.

ಬರೆದದ್ದೆಲ್ಲ ಆಗಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಪರಿಶೀಲಿಸಬೇಕು ಎಂದು ಕಾನೂನು ಹೇಳುತ್ತದೆಯೇ ಹೊರತು, ಒಪ್ಪಲೇಬೇಕು ಎನ್ನುವುದಿಲ್ಲ. ಆದರೆ ಬರೆಯದಿದ್ದರೆ ಪರಿಶೀಲಿಸಲು ಏನಿರುತ್ತದೆ?

ದೇಶಕ್ಕೇ ಯೋಜನೆ ಬೇಕೆಂದು 1934ರಲ್ಲಿ ಪುಸ್ತಕ ಬರೆದ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಮ್ಮ ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ. ಆ ನೀರು ಕುಡಿದವರು ನಾವು, ಒಂದು ಬೀದಿಯ ಯೋಜನೆ ಮಾಡಲಾರೆವೇ?

ನಮ್ಮ ಬೀದಿಯ ಆ ಖಾಲಿ ಜಾಗದಲ್ಲಿ ಈಗ ಅಂಗಡಿಗಳೇ ಇವೆ. ಅದನ್ನು ಉಳಿಸಿಕೊಳ್ಳಲು ನಮಗಾಗಲಿಲ್ಲ. ಆದರೆ ಬೀದಿಯ ಇನ್ನೊಂದು ತುದಿಯಲ್ಲಿ, ಹುಣಸೆಮರದ ಕೆಳಗೆ ಒಂದು ತುಂಡು ಜಾಗ ಉಳಿದಿದೆ. ಹಿರಿಯಮ್ಮನವರ ಮನೆಯಲ್ಲಿ ಹದಿನಾಲ್ಕು ಜನ ಸೇರಿ ನಕ್ಷೆ ಬರೆದೆವು. ಹಾಳೆಯ ಮೇಲೆ ಅವರು ತಮ್ಮ ನಡುಗುವ ಬೆರಳಿಟ್ಟು, "ಇಲ್ಲಿ ಹುಣಸೆಮರ ಅಂತ ದೊಡ್ಡದಾಗಿ ಬರಿಯಮ್ಮ, ಅವರಿಗೆ ಕಾಣೋ ಹಾಗೆ" ಎಂದರು.

ಬರೆದಿದ್ದೇನೆ. ನಿಮ್ಮ ಬೀದಿಯದನ್ನು ನೀವು ಬರೆಯಿರಿ.