ರೋಧ ಹೆಚ್ಚಿದರೆ ಬಿಸಿ ಹೆಚ್ಚೋ, ಕಡಿಮೆಯೋ?

ನೀರು ಕಾಯಿಸುವ ಕಾಯಿಲ್‌ನ ಹಿಡಿಯ ಮೇಲೆ ‘230 ವೋಲ್ಟ್, 1500 ವ್ಯಾಟ್’ ಎಂದು ಅಚ್ಚು ಹಾಕಿರುತ್ತಾರೆ. ಕೊಳ್ಳುವಾಗ ಒಮ್ಮೆ ನೋಡಿ ಮರೆತುಬಿಡುವ ಆ ಎರಡು ಸಂಖ್ಯೆಗಳಲ್ಲಿ ಕಾಯಿಲ್‌ನ ಜಾತಕವೇ ಇದೆ. ಅದನ್ನು ಓದಲು ಗುಣಾಕಾರ, ಭಾಗಾಕಾರ ಬಂದರೆ ಸಾಕು.

ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್. ಹಾಗಾಗಿ 1500ನ್ನು 230ರಿಂದ ಭಾಗಿಸಿದರೆ ಸಿಗುವ 6.5 ಆಂಪಿಯರ್, ಕಾಯಿಲ್ ಎಳೆಯುವ ಪ್ರವಾಹ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ. 230ನ್ನು 6.5ರಿಂದ ಭಾಗಿಸಿ, ಸುಮಾರು 35 ಓಮ್ ಬರುತ್ತದೆ. ಪ್ಲಗ್ ಕಿತ್ತು, ಅದರ ಎರಡು ಚಿಕ್ಕ ಪಿನ್ನುಗಳಿಗೆ ಮಲ್ಟಿಮೀಟರ್ ಹಚ್ಚಿ ನೋಡಿದರೂ 35ರ ಆಸುಪಾಸಿನ ಅಂಕಿಯೇ ಕಾಣುತ್ತದೆ.

ಇದೇ ಲೆಕ್ಕವನ್ನು ಹಳೆಯ 15 ವ್ಯಾಟಿನ ಝೀರೋ ಕ್ಯಾಂಡಲ್ ಬಲ್ಬಿಗೆ ಹಾಕೋಣ. ಉರಿಯುವಾಗ ಅದರ ರೋಧ ಸುಮಾರು 3,500 ಓಮ್. ಕಾಯಿಲ್‌ಗಿಂತ ನೂರು ಪಟ್ಟು ಹೆಚ್ಚು, ಬಿಸಿ ಮಾತ್ರ ನೂರರಲ್ಲೊಂದು ಪಾಲು. ಹಾಗಾದರೆ ರೋಧ ಹೆಚ್ಚಿದಷ್ಟೂ ಬಿಸಿ ಕಡಿಮೆ ಎನ್ನೋಣವೇ? ತಾಳಿ. ಕಾಯಿಲ್‌ನ ಒಳಗಿರುವ ತಂತಿಗೂ ಅದಕ್ಕೆ ಕರೆಂಟು ತರುವ ವೈರಿಗೂ ಹರಿಯುವುದು ಅದೇ 6.5 ಆಂಪಿಯರ್. ರೋಧ ಹೆಚ್ಚಿರುವ ಕಾಯಿಲ್ ನೀರನ್ನು ಕುದಿಸುತ್ತದೆ, ರೋಧ ಕಡಿಮೆ ಇರುವ ವೈರು ಬಿಸಿಯೇ ಆಗುವುದಿಲ್ಲ. ಇಲ್ಲಿ ನಿಯಮ ತಲೆಕೆಳಗಾದಂತೆ ಕಾಣುತ್ತದೆ.

ಎರಡೂ ನಿಜವೇ. ನೋಡಬೇಕಾದ್ದು ಎರಡು ವಸ್ತುಗಳಿಗೆ ಸಮಾನವಾಗಿರುವುದು ಯಾವುದು ಎಂಬುದನ್ನು. ಕಾಯಿಲ್ಲಿಗೂ ಬಲ್ಬಿಗೂ ಸಿಗುವ ವೋಲ್ಟೇಜ್ ಒಂದೇ. ಆಗ ರೋಧ ಕಡಿಮೆ ಇದ್ದದ್ದು ಹೆಚ್ಚು ಪ್ರವಾಹ ಎಳೆದು ಹೆಚ್ಚು ಕಾಯುತ್ತದೆ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ವ್ಯಾಟ್. ವೈರು ಮತ್ತು ಕಾಯಿಲ್ ಒಂದರ ಹಿಂದೊಂದು ಇರುವುದರಿಂದ ಅವುಗಳಿಗೆ ಪ್ರವಾಹ ಒಂದೇ. ಅಲ್ಲಿ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಬೇಕು. ರೋಧ ಹೆಚ್ಚಿರುವ ಕಡೆಯೇ ಬಿಸಿ ಹೆಚ್ಚು. ಒಂದೂವರೆ ಮೀಟರ್ ಉದ್ದದ, 1 ಚದರ ಮಿ.ಮೀ. ದಪ್ಪದ ತಾಮ್ರದ ವೈರಿನಲ್ಲಿ ಹೋಗಿಬರುವ ದಾರಿಯ ರೋಧ ಓಮ್‌ನ ಇಪ್ಪತ್ತರಲ್ಲೊಂದು ಪಾಲು. ಅಲ್ಲಿ ಬಿಸಿಯಾಗಿ ಹೋಗುವುದು ಸುಮಾರು 2 ವ್ಯಾಟ್ ಅಷ್ಟೇ.

ಕಾಯಿಲ್‌ನ ಲೋಹದ ಕೊಳವೆಯೊಳಗೆ ಇರುವುದು ನಿಕ್ರೋಮ್ ತಂತಿಯ ಸುರುಳಿ. ನಿಕ್ಕಲ್ ಮತ್ತು ಕ್ರೋಮಿಯಂ ಬೆರೆತ ಈ ಲೋಹಕ್ಕೆ, ಅದೇ ಅಳತೆಯ ತಾಮ್ರದ ತಂತಿಗಿಂತ ಸುಮಾರು 60 ಪಟ್ಟು ರೋಧ. ಸುರುಳಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಅದು ಶಾಖವನ್ನು ಹೊರಕ್ಕೆ ಬಿಡುತ್ತದೆ, ಕರೆಂಟನ್ನು ಬಿಡುವುದಿಲ್ಲ. ಕಾದರೂ ನಿಕ್ರೋಮ್‌ನ ರೋಧ ಹೆಚ್ಚು ಬದಲಾಗದು. ಬಲ್ಬಿನ ಟಂಗ್‌ಸ್ಟನ್ ತಂತಿ ಹಾಗಲ್ಲ. ತಣ್ಣಗಿರುವಾಗ ಅದರ ರೋಧ ಉರಿಯುವಾಗಿನ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಸ್ವಿಚ್ ಹಾಕಿದ ಕ್ಷಣ ಪ್ರವಾಹ ನುಗ್ಗುವುದರಿಂದಲೇ ಹಳೆಯ ಬಲ್ಬುಗಳು ಹೆಚ್ಚಾಗಿ ಆಗಲೇ ಸುಟ್ಟುಹೋಗುತ್ತಿದ್ದವು.

ಈ ಲೆಕ್ಕಕ್ಕೆ ಬುನಾದಿ ಹಾಕಿದವರು ಜರ್ಮನಿಯ ಕಲೋನ್‌ನಲ್ಲಿ ಶಾಲಾ ಮೇಷ್ಟ್ರಾಗಿದ್ದ ಗಿಯಾರ್ಗ್ ಓಮ್. ಬೇರೆ ಬೇರೆ ಉದ್ದದ ತಂತಿಗಳನ್ನು ಇಟ್ಟು ಪ್ರವಾಹ ಅಳೆದ ಅವರು 1827ರಲ್ಲಿ ಪುಸ್ತಕ ಪ್ರಕಟಿಸಿದರು. ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ಬಿಸಿ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬ ಜೇಮ್ಸ್ ಜೌಲ್ ಅವರ ಪ್ರಬಂಧ ಅಚ್ಚಾದದ್ದೂ ಅದೇ ವರ್ಷ.

ಆ ವರ್ಗದ ಪರಿಣಾಮ ಏನೆಂದು 1902ರಲ್ಲಿ ಶಿವನಸಮುದ್ರದ ಕರೆಂಟನ್ನು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿತ್ತು. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಗೆ ಹತ್ತರಲ್ಲೊಂದು ಪಾಲು ಪ್ರವಾಹ ಸಾಕು. ತಂತಿಯಲ್ಲಿ ಪೋಲಾಗುವ ಶಕ್ತಿ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಅವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ ಕಳಿಸಿದರು.

ವರ್ಗದ ಲೆಕ್ಕ ಬಚ್ಚಲಲ್ಲೂ ತಪ್ಪಿದ್ದಲ್ಲ. ಸಂಜೆ ವೋಲ್ಟೇಜ್ 180ಕ್ಕೆ ಬಿದ್ದರೆ 1500 ವ್ಯಾಟಿನ ಕಾಯಿಲ್ ಕೊಡುವುದು ಸುಮಾರು 920 ವ್ಯಾಟ್. ವೋಲ್ಟೇಜ್ ಕಾಲು ಭಾಗವೂ ಇಳಿದಿಲ್ಲ, ಬಿಸಿ ಶೇ 39ರಷ್ಟು ಖೋತಾ. 20 ಲೀಟರ್ ಬಕೆಟ್ ನೀರು 20 ಡಿಗ್ರಿಯಿಂದ 45ಕ್ಕೆ ಏರಲು 23 ನಿಮಿಷದ ಬದಲು 38 ನಿಮಿಷ ಬೇಕು.

ಇದು ಬರೀ ತಡವಾಗುವ ವಿಷಯ. ಅಪಾಯ ಇರುವುದು ಪ್ಲಗ್ಗಿನಲ್ಲಿ. ಪಿನ್ನು ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿತು ಎನ್ನಿ. 6.5ರ ವರ್ಗ 42. ಅದರ ಅರ್ಧ 21 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಸೋಲ್ಡರಿಂಗ್ ಐರನ್ ಸಾಮಾನ್ಯವಾಗಿ 25 ವ್ಯಾಟಿನದು. ಹೆಚ್ಚುಕಮ್ಮಿ ಅಷ್ಟೇ ಬಿಸಿ ಒಂದು ಪಿನ್ನಿನ ಬುಡದಲ್ಲಿ ಹುಟ್ಟಿದರೆ ಪ್ಲಾಸ್ಟಿಕ್ಕು ಕರಗದೆ ಇನ್ನೇನು? ಎಂಸಿಬಿ ನಮ್ಮನ್ನು ಕಾಯುತ್ತದೆ ಎಂದುಕೊಳ್ಳುವಂತೆಯೂ ಇಲ್ಲ. ಅದು ಗಮನಿಸುವುದು ಪ್ರವಾಹ ಮಿತಿ ಮೀರಿತೇ ಎಂಬುದನ್ನು. ಇಲ್ಲಿ ಪ್ರವಾಹ ಹೆಚ್ಚಿಲ್ಲ, ರೋಧ ಸೇರಿದ್ದರಿಂದ ಕೂದಲೆಳೆಯಷ್ಟು ಕಡಿಮೆಯೇ ಆಗಿದೆ.

ಆದ್ದರಿಂದ 6.5 ಆಂಪಿಯರ್ ಎಳೆಯುವ ಕಾಯಿಲ್ಲನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೋ ಎಕ್ಸ್‌ಟೆನ್ಷನ್ ಬಾಕ್ಸಿಗೋ ಸಿಕ್ಕಿಸಬೇಡಿ. ಅರ್ಥಿಂಗ್ ಇರುವ 16 ಆಂಪಿಯರಿನ ಸಾಕೆಟ್ಟೇ ಇರಲಿ. ನೀರು ಕಾದಿದೆಯೇ ಎಂದು ಕೈ ಅದ್ದುವ ಮುನ್ನ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಕಿತ್ತ ಪ್ಲಗ್ಗಿನ ಪಿನ್ನು ಕಪ್ಪಾಗಿದ್ದರೆ ಅಥವಾ ಕೈಗೆ ಚುರುಕ್ಕೆಂದರೆ, ಪ್ಲಗ್ಗನ್ನೂ ಸಾಕೆಟ್ಟನ್ನೂ ಅವತ್ತೇ ಬದಲಿಸಿ.